ಬೇಯದ ಕಾಳು

ಖಳರನ್ನು ಎತ್ತಿ ನಿಲ್ಲಿಸುವುದರಲ್ಲಿ ನಮ್ಮ ಕನ್ನಡದ ಕವಿಗಳು ಬಹಳ ಧಾರಾಳಿಗಳು. ರನ್ನ ದುರ್ಯೋಧನನಿಗೆ ಕಣ್ಣೀರು ಕೊಟ್ಟ. ನಾಗಚಂದ್ರ ರಾವಣನಿಗೆ ಪಶ್ಚಾತ್ತಾಪ ಕೊಟ್ಟ. ಕುವೆಂಪು ಮಂಥರೆಯನ್ನೂ ಬಿಡಲಿಲ್ಲ. ಹಾಗಾದರೆ ಉಳಿದವರು ಯಾರು? ಯಾವ ಕವಿ ಕೈ ಕೊಟ್ಟರೂ ಮೇಲೇಳಲಾರದವರು ಯಾರು?

ಹೈದರಾಬಾದಿನ ನಮ್ಮ ಪುಟ್ಟ ಓದುಬಳಗದಲ್ಲಿ ಎರಡು ತಿಂಗಳು ಇದೇ ಜಗಳ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ದುಶ್ಶಾಸನನ ಹೆಸರು ಹಿಡಿದು ಕೂತರು: "ಅವನ ಪರವಾಗಿ ಮಾತಾಡಿದ ಒಬ್ಬ ಕವಿಯನ್ನು ತೋರಿಸಿ ನೋಡೋಣ." ಇನ್ನೊಬ್ಬರು ಕೀಚಕ ಎಂದರು. ಕಾಲೇಜಿನ ಹುಡುಗನೊಬ್ಬ ಶಕುನಿ ಎಂದದ್ದೇ ತಡ, ಮೂವರು ಅವನ ಮೇಲೆ ಬಿದ್ದರು. ಸೆರೆಮನೆಯಲ್ಲಿ ಉಪವಾಸ ಬಿದ್ದು ಸತ್ತ ಗಾಂಧಾರದವರು, ತಂದೆಯ ಮೂಳೆಯಿಂದ ಮಾಡಿದ ದಾಳ, ಒಳಗೇ ಇದ್ದು ಕುರುಕುಲವನ್ನು ತಿಂದುಹಾಕುವ ಪ್ರತಿಜ್ಞೆ. ಕಥೆ ಚೆನ್ನಾಗಿದೆ, ಆದರೆ ವ್ಯಾಸಭಾರತದಲ್ಲಿ ಅದು ಇಲ್ಲ. ಶಕುನಿಗೂ ಒಂದು ಕಾರಣವಿರಲಿ ಎಂದು ನಂತರದ ಜನ ಕಟ್ಟಿಕೊಟ್ಟದ್ದು. ಕಾರಣ ಒಂದು ಸಿಕ್ಕಿದರೆ ನಮ್ಮವರು ಅರ್ಧ ಕ್ಷಮಿಸಿಯೇ ಬಿಡುತ್ತಾರೆ.

ಈ ಜಗಳಕ್ಕೆ ಸಾವಿರ ವರ್ಷದ ವಯಸ್ಸಿದೆ. ಇಲ್ಲಿನ ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯೆಂದರೆ, ಅದು ಶುರುವಾದದ್ದು ನಮ್ಮ ಹಿತ್ತಿಲಲ್ಲೇ. ಹೈದರಾಬಾದಿನಿಂದ ಸುಮಾರು 150 ಕಿ.ಮೀ. ದೂರದ ವೇಮುಲವಾಡ ಇಮ್ಮಡಿ ಅರಿಕೇಸರಿಯ ರಾಜಧಾನಿ, ಆಗಿನ ಹೆಸರು ಲೆಂಬುಳಪಾಟಕ. ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದದ್ದು ಆ ಅರಿಕೇಸರಿಗಾಗಿ. ಕರೀಂನಗರದ ಹತ್ತಿರ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಈಗಲೂ ಇದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಬಂಡೆಯ ಮೇಲೆ. ಬಿಸಿಲಿಲ್ಲದ ತಿಂಗಳು ನೋಡಿಕೊಂಡು ಒಮ್ಮೆ ಹೋಗಿಬನ್ನಿ.

ಪಂಪನ ಕಾವ್ಯದ ಕೊನೆಯಲ್ಲಿ ಒಂದು ಪಟ್ಟಿಯಿದೆ. ಭಾರತ ಯಾರಿಂದಾಗಿ ಲೋಕಪೂಜ್ಯವಾಯಿತು ಎಂದು ಒಬ್ಬೊಬ್ಬರ ಗುಣ ಹಿಡಿದು ಹೇಳುವ ಪದ್ಯ. ಕಥಾನಾಯಕ ಅರ್ಜುನ, ಅವನೊಳಗೆ ಕೂತವನು ಸಾಕಿದ ದೊರೆ. ಹೀಗಿದ್ದೂ ಪಟ್ಟಿಯಲ್ಲಿ ಮೊದಲ ಹೆಸರು ದುರ್ಯೋಧನನದು, ಛಲಕ್ಕಾಗಿ. ಎರಡನೆಯದು ಕರ್ಣನದು. ಕೃಷ್ಣನಿಗೆ ಜಾಗವೇ ಇಲ್ಲ. ದ್ರೌಪದಿಗೂ ಇಲ್ಲ. ದ್ರೌಪದಿ ಇಲ್ಲ ಎನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಪಂಪ, ರನ್ನ, ನಾಗಚಂದ್ರ, ಜನ್ನ ನಾಲ್ವರೂ ಜೈನರು. ಖಳರ ಮೇಲಿನ ಮರುಕಕ್ಕೆ ಅವರ ಮತವೇ ಕಾರಣ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಜೀವ ಒಂದು ಭವದಲ್ಲಿ ಖಳ, ಇನ್ನೊಂದರಲ್ಲಿ ನಾಯಿ, ಮತ್ತೊಂದರಲ್ಲಿ ಮುನಿ. ಯಾರ ಮೇಲೂ ಕೊನೆಯ ಮುದ್ರೆ ಬೀಳುವುದಿಲ್ಲ. ಜೈನ ರಾಮಾಯಣ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ, ಕೊಂದ ತಪ್ಪಿಗೆ ಅವನೂ ನರಕಕ್ಕೆ ಇಳಿಯುತ್ತಾನೆ. ರಾವಣನೋ, ಎಷ್ಟೋ ಭವಗಳು ಕಳೆದು ಮುಂದೆ ತೀರ್ಥಂಕರನೇ ಆಗುತ್ತಾನೆ. ಇದೆಲ್ಲ ನಿಜ. ಆದರೆ ಅದೇ ಜೈನ ಶಾಸ್ತ್ರ ಜೀವಗಳನ್ನು ಭವ್ಯ, ಅಭವ್ಯ ಎಂದು ಎರಡಾಗಿ ಒಡೆಯುತ್ತದೆ. ಭವ್ಯನಿಗೆ ಎಂದಾದರೂ ಮೋಕ್ಷ ಸಿಗಬಹುದು. ಅಭವ್ಯನಿಗೆ ಎಂದೆಂದಿಗೂ ಇಲ್ಲ. ಅದಕ್ಕೆ ಕೊಡುವ ಹೋಲಿಕೆ ಅಡುಗೆಮನೆಯದು: ಹೆಸರುಕಾಳಿನ ಪಾತ್ರೆಯಲ್ಲಿ ಎಷ್ಟು ಉರಿ ಹಾಕಿದರೂ ಕಲ್ಲಿನಂತೆ ಉಳಿದುಬಿಡುವ ಒಂದು ಕಾಳು. ಜಿನಸೇನನ ಆದಿಪುರಾಣ ಹೇಳುವುದು ಕುರುಡುಗಲ್ಲು, ಎಷ್ಟು ಕಾಯಿಸಿದರೂ ಚಿನ್ನ ಬಿಡದ ಅದಿರು. ಆ ಕಾಳು ಪಾಪ ಮಾಡಿ ಹಾಗಾದದ್ದಲ್ಲ, ಇರುವುದೇ ಹಾಗೆ. ಎಂದರೆ 'ಉದ್ಧಾರವಿಲ್ಲದ ಖಳ' ಎನ್ನುವ ಅಂಕಣ ಈ ಕವಿಗಳ ಕೈಯಳತೆಯಲ್ಲೇ ಇತ್ತು. ಅದರಲ್ಲಿ ರಾವಣನ ಹೆಸರನ್ನಾಗಲೀ ದುರ್ಯೋಧನನ ಹೆಸರನ್ನಾಗಲೀ ಅವರು ಬರೆಯಲಿಲ್ಲ.

ಬರೆದವರು ಬೇರೆಯವರು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಜೀವರನ್ನು ಮೂರು ಬಗೆ ಮಾಡಿದರು: ಮುಕ್ತಿಯೋಗ್ಯರು, ಸದಾ ಸಂಸಾರದಲ್ಲೇ ಸುತ್ತುವವರು, ತಮೋಯೋಗ್ಯರು. ಮೂರನೆಯವರು ಸೇರುವುದು ಅಂಧಂತಮಸ್ಸಿಗೆ, ಅಲ್ಲಿಂದ ತಿರುಗಿ ಬರುವುದಿಲ್ಲ. ದುರ್ಯೋಧನ ಕಲಿಯ ಅವತಾರ, ಆದ್ದರಿಂದ ಅವನ ದಾರಿ ತೀರ್ಮಾನವಾದದ್ದು. ರಾವಣನ ವಿಷಯಕ್ಕೆ ಬಂದಾಗ ಒಂದು ತೊಡಕು. ವಿಷ್ಣುವಿನ ದ್ವಾರಪಾಲಕರೇ ಶಾಪದಿಂದ ಹಾಗೆ ಹುಟ್ಟಿದರು ಎಂಬ ಕಥೆಯಿದೆಯಲ್ಲ, ಅವರನ್ನು ತಮಸ್ಸಿಗೆ ಹೇಗೆ ಕಳಿಸುವುದು? ಮಾಧ್ವರ ಉತ್ತರ ಜಾಣತನದ್ದು. ಒಂದೇ ದೇಹದಲ್ಲಿ ಎರಡು ಜೀವ, ಒಂದು ಭಕ್ತನದು, ಒಂದು ಅಸುರನದು. ಸತ್ತ ಮೇಲೆ ಒಂದು ವೈಕುಂಠಕ್ಕೆ, ಇನ್ನೊಂದು ಕತ್ತಲೆಗೆ. ಇದನ್ನು ಕೇಳಿ ಬಳಗದಲ್ಲಿ ಒಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಕೆಟ್ಟ ಅಣ್ಣನನ್ನೋ ಕುಡುಕ ಗಂಡನನ್ನೋ ಕಂಡವರೆಲ್ಲ "ಅವನೊಳಗೆ ಇಬ್ಬರಿದ್ದಾರೆ" ಎಂದೇ ಹೇಳುವುದು.

ತಮಾಷೆಯೆಂದರೆ, ಅದೇ ಕರಾವಳಿಯಲ್ಲಿ ತಾಳಮದ್ದಳೆಯೂ ಬೆಳೆಯಿತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಮುಂಬಯಿಯ ಗೆಳೆಯರಿಗೆ ಇದನ್ನು ವಿವರಿಸಬೇಕಿಲ್ಲ, ಮಳೆಗಾಲ ಬಂತೆಂದರೆ ಅಲ್ಲಿನ ಸಭಾಂಗಣಗಳಲ್ಲಿ ಅದೇ ಸಡಗರ. ಕೃಷ್ಣ ಸಂಧಾನದಲ್ಲಿ ಕೌರವ, ವಾಲಿವಧೆಯಲ್ಲಿ ವಾಲಿ ಒಂದೊಂದು ಗಂಟೆ ತಮ್ಮ ವಕಾಲತ್ತು ತಾವೇ ವಹಿಸುತ್ತಾರೆ. ರಾವಣ, ವಾಲಿಗಳ ಅರ್ಥಕ್ಕೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಆ ಪಾತ್ರಗಳಿಗೆ ಕೊಟ್ಟ ಘನತೆಯನ್ನು ಕೇಳಿದವರು ಇಂದಿಗೂ ಮರೆತಿಲ್ಲ. ಶಾಸ್ತ್ರ ಕತ್ತಲೆಗೆ ಕಳಿಸಿದವನನ್ನು ಅದೇ ಊರಿನ ಜನ ಪ್ರತಿ ಮಳೆಗಾಲವೂ ಕರೆದು ಕೂರಿಸಿ, ನಿನ್ನ ಮಾತು ಹೇಳಪ್ಪ ಎಂದು ಕೇಳುತ್ತಾ ಬಂದರು.

ಈಗ ರನ್ನನಿಗೆ ಬರೋಣ. 'ಗದಾಯುದ್ಧ'ದ ನಾಯಕ, ಹೆಸರಿಗೆ, ಭೀಮ. ಚಾಳುಕ್ಯ ಸತ್ಯಾಶ್ರಯನನ್ನು ಅವನಲ್ಲಿ ಕಂಡು ಬರೆದ ಕಾವ್ಯ ಅದು. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಹೆಣಗಳ ನಡುವೆ ಎಡವುತ್ತಾ ನಡೆಯುವ ದುರ್ಯೋಧನ. ತಮ್ಮನ ದೇಹ ಕಂಡಾಗ ಅವನು ಅಳುವ ರೀತಿ ನೋಡಿ: ಮೊಲೆಹಾಲಿನಿಂದ ಹಿಡಿದು ಎಲ್ಲದರಲ್ಲೂ ಮೊದಲು ನಾನು, ಆಮೇಲೆ ನೀನು, ಸಾವಿನಲ್ಲಿ ಮಾತ್ರ ಸರದಿ ತಪ್ಪಿತಲ್ಲ ಎಂಬ ಅಳು. ನಮ್ಮ ಬ್ಯಾಂಕಿನ ಹಿರಿಯರ ದುಶ್ಶಾಸನನಿಗೆ ಇಡೀ ಕನ್ನಡದಲ್ಲಿ ದಕ್ಕಿದ ಪ್ರೀತಿ ಬಹುಶಃ ಇಷ್ಟೇ. ಅಷ್ಟಕ್ಕೇ ನಿಲ್ಲದೆ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನೂ ದುರ್ಯೋಧನ ಬಾಯ್ತುಂಬ ಹೊಗಳುತ್ತಾನೆ. ಬಿ.ಎಂ.ಶ್ರೀ. ಇದೇ ಕಾವ್ಯದಿಂದ 'ಗದಾಯುದ್ಧ ನಾಟಕಂ' ಕಟ್ಟಿ ಗ್ರೀಕರ ದುರಂತನಾಯಕರ ಸಾಲಿನಲ್ಲಿ ಅವನನ್ನು ನಿಲ್ಲಿಸಿದರು. ಮುಂದೆ ಸೊಫೊಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನಾಗಿಸಿ, ಚಿರಂಜೀವಿಗೂ ರಂಗದ ಮೇಲೆ ಸಾವು ಕೊಟ್ಟರು. ಮಲಗಿದ್ದ ಮಕ್ಕಳನ್ನು ಕೊಂದವನಿಗೆ ಸಾವು ಶಿಕ್ಷೆಯೋ ಬಿಡುಗಡೆಯೋ ಎಂದು ನಾನು ಈಗಲೂ ಯೋಚಿಸುತ್ತೇನೆ.

ಇಷ್ಟು ಹೊತ್ತಿಗೆ ಬಳಗದಲ್ಲಿ ಎಲ್ಲರೂ ದುರ್ಯೋಧನನಿಗೆ ಮಾಫಿ ಕೊಟ್ಟಾಗಿತ್ತು. ಕುಟುಂಬ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಒಬ್ಬಾಕೆ ಅಲ್ಲಿಯವರೆಗೆ ಸುಮ್ಮನಿದ್ದರು. ಅವರು ಕೇಳಿದ್ದು ಇಷ್ಟೇ: "ಅವನು ಅತ್ತ, ಸರಿ. ಯಾರ ಎದುರು ಅತ್ತ? ನಮ್ಮ ಕೋರ್ಟಿನಲ್ಲೂ ತುಂಬ ಜನ ಅಳುತ್ತಾರೆ ಸಾರ್. ಜಡ್ಜ್ ಎದುರು ಅಳುತ್ತಾರೆ, ತಾಯಿ ಎದುರು ಅಳುತ್ತಾರೆ. ಪಕ್ಕದ ಬೆಂಚಿನಲ್ಲಿ ಹೆಂಡತಿ ಕೂತಿರುತ್ತಾಳೆ, ಅವಳ ಕಡೆ ತಿರುಗುವುದಿಲ್ಲ."

ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಯಾವ ವಿಮರ್ಶೆಯ ಪುಸ್ತಕದಲ್ಲೂ ಸಿಕ್ಕಿಲ್ಲ. ಅದನ್ನು ಹಿಡಿದು ಮತ್ತೆ ರನ್ನನನ್ನು ಓದಿದೆ. ದುರ್ಯೋಧನ ತಮ್ಮನಿಗಾಗಿ, ಗೆಳೆಯನಿಗಾಗಿ, ಮಗನಿಗಾಗಿ ಅಳುತ್ತಾನೆ. ದ್ರೌಪದಿಯ ಕಡೆ ತಿರುಗುವುದಿಲ್ಲ. ಆ ಶೋಕ ದೊಡ್ಡದು, ರನ್ನನ ಕವಿತೆ ಅದಕ್ಕಿಂತ ದೊಡ್ಡದು, ಆದರೆ ಅದನ್ನು ಪಶ್ಚಾತ್ತಾಪ ಎಂದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ.

ನಾಗಚಂದ್ರನ ರಾವಣ ಬೇರೆ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು, ಸೀತೆಯನ್ನು ಕಂಡು ಜಾರಿದವನು. ಬಹುರೂಪಿಣಿ ವಿದ್ಯೆಯನ್ನು ಸಾಧಿಸಿಕೊಂಡು ಸೊಕ್ಕಿನಿಂದ ಉದ್ಯಾನಕ್ಕೆ ಬರುತ್ತಾನೆ, ಇನ್ನು ನಿನ್ನ ರಾಮನ ಕಥೆ ಮುಗಿಯಿತು ಎನ್ನುತ್ತಾನೆ. ಸೀತೆ ರಾಮನ ಜೀವವನ್ನು ನೆನೆದು ಮೂರ್ಛೆ ಹೋಗುತ್ತಾಳೆ. ಅವಳು ಬಿದ್ದದ್ದನ್ನು ನೋಡಿಯೇ ಅವನ ಮನಸ್ಸು ಮಗುಚುವುದು. ಮಾಡಿದ್ದರ ಫಲ ಕಣ್ಣೆದುರು ಬಿದ್ದಿದೆ, ಅವನು ಅದನ್ನು ನೋಡುತ್ತಾನೆ. ಆದರೆ ಮುಂದಿನ ಹೆಜ್ಜೆಯಲ್ಲೇ ಎಡವುತ್ತಾನೆ: ಈಗಲೇ ಒಪ್ಪಿಸಿದರೆ ಹೆದರಿದ ಎಂದು ಲೋಕ ಆಡಿಕೊಳ್ಳುತ್ತದೆ, ಗೆದ್ದು ಸೆರೆಹಿಡಿದು ಆಮೇಲೆ ಒಪ್ಪಿಸುತ್ತೇನೆ. ಮನಸ್ಸು ತಿರುಗಿತು, ಮರ್ಯಾದೆ ತಿರುಗಗೊಡಲಿಲ್ಲ. ವಕೀಲರಿಗೆ ಇದನ್ನು ಓದಿ ಹೇಳಿದಾಗ, "ಈ ಕೇಸು ನನಗೆ ಗೊತ್ತು" ಎಂದರು.

1949ರ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಕುವೆಂಪು ಈ ರಾವಣನನ್ನೇ ಮುಂದಕ್ಕೆ ಒಯ್ದರು. ಕನಸಿನಲ್ಲಿ ಅವನೂ ಕುಂಭಕರ್ಣನೂ ಸೀತೆಯ ಮಡಿಲಿನ ಅವಳಿ ಮಕ್ಕಳಾಗುತ್ತಾರೆ. ಸೃಷ್ಟಿಯ ಲೆಕ್ಕದಲ್ಲಿ ಪಾಪಿಗೂ ಒಂದು ದಾರಿ ಇದ್ದೇ ಇದೆ ಎನ್ನುವುದು ಆ ಕಾವ್ಯದ ನಂಬಿಕೆ. ಅಭವ್ಯ, ತಮೋಯೋಗ್ಯ ಎರಡೂ ಅಂಕಣಗಳನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿದಂತೆ. ಕನಸು ಅದ್ಭುತವಾಗಿದೆ. ಆದರೂ ನನ್ನದೊಂದು ತಕರಾರು. ಕಾಡಿದವನನ್ನು ಹೆತ್ತು ಸಾಕುವ ಕೆಲಸವೂ ಕೊನೆಗೆ ಸೀತೆಯ ಪಾಲಿಗೇ ಬಂತಲ್ಲ. ಜೈನ ಪರಂಪರೆಯಲ್ಲೂ ರಾವಣ ತೀರ್ಥಂಕರನಾದಾಗ ಅವನ ಗಣಧರನಾಗುವುದು ಸೀತೆಯ ಜೀವವೇ.

ಕನ್ನಡದಲ್ಲಿ ನಿಜವಾಗಿ ಯಾರನ್ನು ಕೈಬಿಟ್ಟರು ಎಂದು ನೋಡಬೇಕಾದರೆ ಜನ್ನನ ಬಳಿಗೆ ಹೋಗಬೇಕು. 1230ರ 'ಅನಂತನಾಥ ಪುರಾಣ'ದ ಚಂಡಶಾಸನ ಗೆಳೆಯನ ಮನೆಗೆ ಅತಿಥಿಯಾಗಿ ಬಂದು ಅವನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ. ಅವಳು ಒಲಿಯದಿದ್ದಾಗ ಗಂಡನ ತಲೆಯೆಂದು ಹುಸಿತಲೆ ತೋರಿಸುತ್ತಾನೆ, ಅವಳು ಅಲ್ಲೇ ಸಾಯುತ್ತಾಳೆ, ಅವನೂ ಅವಳ ಚಿತೆಗೆ ಬೀಳುತ್ತಾನೆ. ಅದನ್ನು ಪ್ರೇಮ ಎಂದು ಬರೆದವರುಂಟು. ಬದುಕಿದ್ದಾಗ ಬೇಡವೆಂದವಳನ್ನು ಅವನು ಸತ್ತ ಮೇಲೂ ಬಿಡಲಿಲ್ಲ ಎಂದೇ ನನಗೆ ಕಾಣುತ್ತದೆ. ನನ್ನ ಪಟ್ಟಿಯಲ್ಲಿ ಅವನೇ ಮೊದಲಿಗ.

ಆದರೆ ಜನ್ನನ ಪಟ್ಟಿ ಬೇರೆಯದು. 1209ರ 'ಯಶೋಧರ ಚರಿತೆ' ತೆರೆಯುವುದು ಮಾರಿದತ್ತನಿಂದ, ಚಂಡಮಾರಿಗೆ ನರಬಲಿ ಕೊಡುವ ದೊರೆ. ಬಲಿಗೆಂದು ಹಿಡಿದು ತಂದ ಅಣ್ಣತಂಗಿ ತಮ್ಮ ಹಿಂದಿನ ಭವಗಳ ಕಥೆ ಹೇಳುತ್ತಾರೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರಕ್ಕೇ ಯಶೋಧರನೂ ಅವನ ತಾಯಿಯೂ ಎಷ್ಟೆಲ್ಲ ಪ್ರಾಣಿಜನ್ಮಗಳಲ್ಲಿ ನರಳಿದರೆಂಬ ಕಥೆ. ಕೇಳಿ ಮಾರಿದತ್ತ ಬದಲಾಗುತ್ತಾನೆ, ದೀಕ್ಷೆ ಪಡೆಯುತ್ತಾನೆ. ಮಾರಿಯೂ ಬಲಿ ಬಿಡುತ್ತಾಳೆ. ಎಷ್ಟೋ ಜನರ ಕತ್ತು ಕಡಿಸಿದವನಿಗೆ ಒಂದು ಕಥೆ ಸಾಕಾಯಿತು.

ಕಥೆಯೊಳಗಿನ ಅಮೃತಮತಿಗೆ ಆ ಭಾಗ್ಯವಿಲ್ಲ. ರಾತ್ರಿ ಕೇಳಿದ ಹಾಡಿಗೆ ಮರುಳಾಗಿ ಕುರೂಪಿ ಮಾವುತ ಅಷ್ಟಾವಂಕನನ್ನು ಒಲಿದವಳು, ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಕೊಲೆ ಕೊಲೆಯೇ, ಅದನ್ನು ಮುಚ್ಚುವುದು ಬೇಡ. ಆದರೆ ಮಾರಿದತ್ತನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಅವಳೆದುರು ಯಾರೂ ಕೂತು ಕಥೆ ಹೇಳುವುದಿಲ್ಲ. ಕುಷ್ಠ ಹತ್ತಿ, ಕೊಳೆತು, ಐದನೆಯ ನರಕ ಧೂಮಪ್ರಭೆಗೆ ಇಳಿಯುತ್ತಾಳೆ. ಗಿರೀಶ ಕಾರ್ನಾಡರು 1980ರ 'ಹಿಟ್ಟಿನ ಹುಂಜ'ದಲ್ಲಿ ಆ ರಾಣಿಯನ್ನು ಎಬ್ಬಿಸಿ ಮಾತಾಡಿಸುವವರೆಗೆ, ಸುಮಾರು 770 ವರ್ಷ, ಅವಳ ಪರ ವಕಾಲತ್ತು ಹಾಕಿದವರು ಕನ್ನಡದಲ್ಲಿ ನನಗೆ ಕಂಡಿಲ್ಲ. ವಿಷದ ಪಾತ್ರೆಯನ್ನು ಅವಳ ಕೈಯಿಂದ ತೆಗೆದು, ಪ್ರಶ್ನೆಯನ್ನು ಹಿಟ್ಟಿನ ಕೋಳಿಯ ಕಡೆಗೇ ತಿರುಗಿಸಿದರು ಅವರು.

ಇಲ್ಲೂ ಒಂದು ಊರಿನ ನಂಟಿದೆ. ಯಶೋಧರನ ಇದೇ ಕಥೆಯನ್ನು ಜನ್ನನಿಗಿಂತ ಮೊದಲು, 959ರಲ್ಲಿ, ಸೋಮದೇವಸೂರಿ ಸಂಸ್ಕೃತದಲ್ಲಿ 'ಯಶಸ್ತಿಲಕ'ವಾಗಿ ಬರೆದು ಮುಗಿಸಿದ್ದು ಗಂಗಾಧರದಲ್ಲಿ, ಅರಿಕೇಸರಿಯ ಮಗನ ಆಶ್ರಯದಲ್ಲಿ. ಜಿನವಲ್ಲಭನ ಬಂಡೆಯಿಂದ ಗಂಗಾಧರ ಕೂಗಳತೆ. ದುರ್ಯೋಧನನನ್ನು ಪಟ್ಟಿಯ ತಲೆಗೆ ಏರಿಸಿದ ಪದ್ಯವೂ ಅಮೃತಮತಿಯ ತೀರ್ಪೂ ಒಂದೇ ಸೀಮೆಯಲ್ಲಿ, 18 ವರ್ಷಗಳ ಅಂತರದಲ್ಲಿ ಬರೆಯಲ್ಪಟ್ಟವು.

ಹಾಗಿದ್ದರೂ ಜನ್ನ ಅವಳನ್ನು ಅಭವ್ಯೆ ಎನ್ನಲಿಲ್ಲ. ಜೈನರ ಲೆಕ್ಕದಲ್ಲಿ ಧೂಮಪ್ರಭೆಯ ಆಯುಸ್ಸು ಹೆಚ್ಚೆಂದರೆ 17 ಸಾಗರೋಪಮ. ಊಹೆಗೆ ನಿಲುಕದಷ್ಟು ದೀರ್ಘ, ಆದರೆ ಮುಗಿಯುತ್ತದೆ. ಮುಗಿದ ಮೇಲೆ ಅವಳೂ ಎಲ್ಲೋ ಹುಟ್ಟಲೇಬೇಕು. ಎಲ್ಲಿ, ಯಾರ ಮನೆಯಲ್ಲಿ ಎಂದು ಜನ್ನ ಬರೆಯಲಿಲ್ಲ. ಬಳಗದ ಮುಂದಿನ ಓದಿಗೆ ವಕೀಲರು 'ಯಶೋಧರ ಚರಿತೆ'ಯನ್ನೇ ಆರಿಸಿದ್ದಾರೆ.