ದೊಡ್ಡ ಪೈಲ್ವಾನ ಯಾರು?

ನಮ್ಮ ಕೇರಿಯ ಹುಡುಗರ ನಡುವೆ ಒಂದು ಜಗಳ ಹದಿನೈದು ವರ್ಷವಾದರೂ ಬಗೆಹರಿದಿಲ್ಲ. ದೊಡ್ಡ ಪೈಲ್ವಾನ ಯಾರು ಎಂಬುದೇ ಆ ಜಗಳ.

ಶಾಲೆ ಬಿಟ್ಟ ಮೇಲೆ ಮಾಗಳದ ಹೊಳೆದಂಡೆಯಲ್ಲಿ ಕೂತು ನಾವು ಕುಸ್ತಿ ಕಾರ್ಡು ಆಡುತ್ತಿದ್ದೆವು. ಒಂದೊಂದು ಕಾರ್ಡಿನ ಮೇಲೆ ಒಬ್ಬೊಬ್ಬ ದೈತ್ಯನ ಫೋಟೊ. ಅದರ ಜೊತೆಗೆ ಅವನ ಎತ್ತರ, ತೂಕ, ಎದೆಯಳತೆ, ಆಡಿದ ಕುಸ್ತಿ, ಗೆದ್ದ ಕುಸ್ತಿ. ಎಲ್ಲಕ್ಕಿಂತ ಮುಖ್ಯ, ರ‍್ಯಾಂಕು. ಒಂದನೇ ರ‍್ಯಾಂಕಿನ ಕಾರ್ಡು ಯಾರ ಕೈಗೆ ಬಂತೋ ಅವನೇ ಅವತ್ತಿನ ಮಟ್ಟಿಗೆ ಊರ ಗೌಡ. ಈ ರ‍್ಯಾಂಕು ಕೊಟ್ಟವರು ಯಾರು, ಯಾವ ಲೆಕ್ಕದಲ್ಲಿ ಕೊಟ್ಟರು ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಅಚ್ಚಾಗಿ ಬಂದದ್ದು ಸುಳ್ಳಾಗುವುದುಂಟೆ? ಈ ದೇಶದಲ್ಲಿ ಬಹಳಷ್ಟನ್ನು ನಾವು ಹಾಗೆಯೇ ನಂಬಿಕೊಂಡು ಬಂದವರು.

ಈಗ ನಮ್ಮ ಕೈಯಲ್ಲಿ ಡಿಗ್ರಿ ಇದೆ, ಕಾರ್ಡು ಇಲ್ಲ. ಜಗಳ ಮಾತ್ರ ಚಹಾದಂಗಡಿಯ ಮುಂದೆ ಇನ್ನೂ ನಡೆದೇ ಇದೆ.

"ಗಾಮಾನ್ನ ಯಾವನೂ ಸೋಲಿಸಲಿಲ್ಲಲೇ. ಅವನ ಮ್ಯಾಲೆ ಯಾರದಾರ?"

"ದಾರಾಸಿಂಗ್ ಅಮೆರಿಕದವನ್ನ ಕೆಡವಿದಾನ, ಗೊತ್ತೈತಿ?"

"ಅಂಡರ್‌ಟೇಕರ್ ರೆಸಲ್‌ಮೇನಿಯಾದಾಗ 21 ಸಲ ಗೆದ್ದು ಆಮ್ಯಾಲೆ ಸೋತ."

"ಅದೆಲ್ಲ ಬಯಲಾಟ ಬಿಡಲೇ. ಯಾರು ಬೀಳಬೇಕಂತ ಮೊದಲ ಮಾತಾಡ್ಕೊಂಡಿರ್ತಾರ."

ಒಂದು ದಿನ ಕೇರಿಯ ಹಲಗೆ ಅಜ್ಜ ಇದನ್ನೆಲ್ಲ ಕೇಳುತ್ತ ಕೂತಿದ್ದ. ಬೀಡಿ ಆರಿಸಿ ಅಂದ: "ತಮ್ಮಾ, ನಾನು ಸುತ್ತ ಹತ್ತೂರ ಜಾತ್ರಿ ಕುಸ್ತಿಗೆ ಹಲಗಿ ಬಡದೀನಿ. ಎಂತೆಂಥಾ ಪೈಲ್ವಾನರನ್ನ ನೋಡೀನಿ. ನಮ್ಮ ಕೇರಿಯವ ಒಬ್ಬನೂ ಆ ಕಣದಾಗ ಇಳದದ್ದು ನೋಡಿಲ್ಲ. ಇಳಿಯಾಕ ಬಿಡದವನಿಗೆ ನೀವು ಎಷ್ಟನೇ ನಂಬರ್ ಕೊಡ್ತೀರಿ?"

ಯಾರೂ ಮಾತಾಡಲಿಲ್ಲ. ಅಜ್ಜನ ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟದ್ದೇ ಈ ಬರಹ.

ಮೊದಲು ಹುಡುಗರ ಅಳತೆಗೋಲುಗಳನ್ನೇ ನೋಡೋಣ. ಸೋಲದವನೇ ದೊಡ್ಡವನು ಎಂಬುದು ಒಂದು ಅಳತೆ. ಅದರಲ್ಲಿ ಗಾಮಾನೇ ಮೊದಲಿಗ. ಗುಲಾಂ ಮೊಹಮ್ಮದ್ ಎಂಬ ಈ ಪೈಲ್ವಾನ 1910ರಲ್ಲಿ ಲಂಡನ್ನಿಗೆ ಹೋದ. ಎತ್ತರ ಸಾಲದು ಎಂದು ಅಲ್ಲಿ ಅವನನ್ನು ಪಂದ್ಯಕ್ಕೇ ಸೇರಿಸಿಕೊಳ್ಳಲಿಲ್ಲ ಎನ್ನುತ್ತಾರೆ. ಆಗ ಗಾಮಾ ಸವಾಲು ಹಾಕಿದ. ಅಮೆರಿಕದ ರೋಲರ್‌ನನ್ನು ಕೆಡವಿದ. ಸೆಪ್ಟೆಂಬರ್ 10ರಂದು ಪೋಲೆಂಡಿನ ಜಿಬಿಸ್ಕೋನ ಜೊತೆ ಎರಡೂವರೆ ತಾಸು ಸೆಣಸಿದ. ಆ ಭಾರೀ ಆಳು ಬಹಳ ಹೊತ್ತು ನೆಲಕ್ಕೆ ಕವುಚಿ ಅಂಟಿಕೊಂಡೇ ಇದ್ದ. ಕುಸ್ತಿ ಸಮವಾಯಿತು. ವಾರದ ನಂತರ ಮತ್ತೆ ಹಿಡಿಯಬೇಕಿತ್ತು, ಜಿಬಿಸ್ಕೋ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಅದೇ ಜಿಬಿಸ್ಕೋನನ್ನು ಗಾಮಾ ಒಂದು ನಿಮಿಷದೊಳಗೆ ಚಿತ್ ಮಾಡಿದ. ಆದರೆ ಆ ಕಾಲದ ಇನ್ನಿಬ್ಬರು ದೊಡ್ಡವರಾದ ಹ್ಯಾಕನ್‌ಸ್ಮಿತ್ ಮತ್ತು ಗಾಚ್ ಗಾಮಾನ ಜೊತೆ ಕುಸ್ತಿ ಹಿಡಿಯಲೇ ಇಲ್ಲ. ಹಿಡಿಯದ ಕುಸ್ತಿಯನ್ನು ಯಾರ ಖಾತೆಗೆ ಬರೆಯುವುದು?

ಪಟ್ಟ ಗೆದ್ದವನೇ ದೊಡ್ಡವನು ಎಂಬುದು ಇನ್ನೊಂದು ಅಳತೆ. ದಾರಾಸಿಂಗ್ 1968ರಲ್ಲಿ ಮುಂಬಯಿಯಲ್ಲಿ ಲೂ ಥೆಸ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಎನಿಸಿಕೊಂಡ. ನಮ್ಮ ದೇಶದ ಖಲಿ 2007ರಲ್ಲಿ ಅಮೆರಿಕದ ಕಂಪನಿಯ ಪಟ್ಟ ಕಟ್ಟಿಕೊಂಡ. ಆದರೆ ಆ ಪಟ್ಟ ಕೊಡುವವನು ಕಂಪನಿಯ ಮಾಲೀಕ. ಯಾರು ಗೆದ್ದರೆ ಟಿಕೆಟ್ಟು ಹೆಚ್ಚು ಹೋಗುತ್ತದೆಂದು ನೋಡಿ ಕೊಡುತ್ತಾನೆ. ಬೀಳುವವನಿಗೂ ಮೈ ಇದೆ, ನೋವೂ ಇದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶ್ರೇಯಾಂಕ ಅವನ ಮೈಯಿಂದ ಬಂದದ್ದಲ್ಲ, ಮಾಲೀಕನ ಗಲ್ಲಾಪೆಟ್ಟಿಗೆಯಿಂದ ಬಂದದ್ದು.

ಇಲ್ಲಿಗೆ ಗಮನಿಸಿ: ಪೈಲ್ವಾನರಿಗೆ ಶ್ರೇಣಿ ಕಟ್ಟುವ ಕೆಲಸ ಕಾರ್ಡಿನ ಕಂಪನಿಯಿಂದ ಶುರುವಾದದ್ದಲ್ಲ. ಅದರ ಹಳೆಯ ದಾಖಲೆಯೊಂದು ನಮ್ಮ ನಾಡಿನಲ್ಲಿಯೇ ಇದೆ. ಮಾಗಳದ ವೇಣುಗೋಪಾಲಸ್ವಾಮಿ ಗುಡಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪ. ಅದೇ ವಂಶದ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅರಸನ ವಿನೋದಗಳ ಪಟ್ಟಿಯಲ್ಲಿ ಮಲ್ಲವಿನೋದವೂ ಒಂದು. ಅದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆಗಳಾಗಿ ವಿಂಗಡಿಸಿದ್ದಾನೆ. ಮೇಲಿನ ದರ್ಜೆಯವನು ಜ್ಯೇಷ್ಠಿಕ. ಅವರಿಗೆ ಅರಮನೆಯಿಂದ ಬೇಳೆ, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ ಕೊಡಬೇಕೆಂದು ಹೇಳಿದ್ದಾನೆ. ಅಂದರೆ ಬಲವಿದ್ದವನಿಗೆ ದರ್ಜೆ, ದರ್ಜೆಯಿದ್ದವನಿಗೆ ಹಾಲು ಮಾಂಸ, ಹಾಲು ಮಾಂಸ ತಿಂದವನಿಗೆ ಮತ್ತಷ್ಟು ಬಲ. ಇದೇ ಯಂತ್ರ. ಅಂಬಲಿ ಕುಡಿದು ಅದೇ ಗುಡಿಯ ಕಲ್ಲು ಎಳೆದವನ ಬಲಕ್ಕೆ ಯಾವ ದರ್ಜೆ? ಗ್ರಂಥಕ್ಕೆ ಆ ಪ್ರಶ್ನೆಯೇ ಬೇಕಿರಲಿಲ್ಲ.

ಈಗ ಒಂದು ಮಾತಿನ ಹುಟ್ಟು ಕೇಳಿ. ಜ್ಯೇಷ್ಠಿ ಎಂಬುದೇ ಜೆಟ್ಟಿ ಆಯಿತು ಎನ್ನುತ್ತಾರೆ. ಜೆಟ್ಟಿ, ಜಟ್ಟಿ. ಜ್ಯೇಷ್ಠ ಅಂದರೆ ಹಿರಿಯ, ಮೇಲಿನವನು. ಮೇಲಿನವನು ಎಂದು ಕೊಟ್ಟ ಹೆಸರು ಮುಂದೆ ಒಂದು ಜಾತಿಯ ಹೆಸರಾಯಿತು! ಮೈಸೂರಿನ ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ಇಂದಿಗೂ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಇಬ್ಬರು, ಕೈಯಲ್ಲಿ ಮೊನಚಾದ ಮುಷ್ಟಿ, ನೆತ್ತರು ಕಂಡೊಡನೆ ಮುಕ್ತಾಯ. ಅಲ್ಲಿ ಇಳಿಯುವವರು ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜೆಟ್ಟಿ ಮನೆತನದವರು. ಜೆಟ್ಟಿಗಳ ಮೇಲೆ ನಮಗೆ ಹಗೆಯಿಲ್ಲ. ದೊರೆಯ ಕಣ್ಣಿನ ಮುಂದೆ ನೆತ್ತರು ಸುರಿಸಿದ್ದೇ ಅವರ ಪಾಲಿನ ಊಳಿಗ. ಆದರೆ ಕನ್ನಡದಲ್ಲಿ ಪೈಲ್ವಾನನಿಗೆ ಇರುವ ಹೆಸರೇ ಜಾತಿಯ ಹೆಸರು ಎಂಬುದನ್ನು ಮರೆಯಬೇಡಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಬಿದ್ದರೂ ಮೀಸೆ ಉಳಿಸಿಕೊಳ್ಳುವ ಭಾಗ್ಯ ಜಟ್ಟಿಯದು. ಮೀಸೆ ಬಿಟ್ಟಿದ್ದಕ್ಕೇ ಹೊಡೆಸಿಕೊಂಡ ಹುಡುಗರು ನಮ್ಮ ಜನರಲ್ಲಿ ಇದ್ದಾರೆ. ಅವರ ಮೇಲೆ ಗಾದೆಯಿಲ್ಲ.

ಅಂಬೇಡ್ಕರರು ಈ ವ್ಯವಸ್ಥೆಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಇಲ್ಲಿ ಬರೀ ಮೇಲು ಕೀಳು ಇಲ್ಲ, ಮೆಟ್ಟಿಲ ಮೇಲೆ ಮೆಟ್ಟಿಲಿದೆ. ಪ್ರತಿಯೊಬ್ಬನಿಗೂ ತುಳಿಯಲು ಕೆಳಗೊಬ್ಬ ಇದ್ದಾನೆ. ಹಾಗಾದರೆ ಶ್ರೇಯಾಂಕ ಕಟ್ಟುವ ಚಟದಲ್ಲಿ ನಮ್ಮನ್ನು ಮೀರಿಸುವ ದೇಶ ಯಾವುದಿದೆ? ಹುಟ್ಟುವ ಮೊದಲೇ ಇಲ್ಲಿ ರ‍್ಯಾಂಕು ಅಚ್ಚಾಗಿರುತ್ತದೆ.

ಮಾಗಳದ ಹೊಳೆ ಕೆಳಕ್ಕೆ ಹರಿದು ಹಂಪಿಗೆ ಹೋಗುತ್ತದೆ. ಅಲ್ಲಿಗೂ ಹೋಗಿ ಬರೋಣ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪಾಯಸ್ ಮಹಾನವಮಿಯ ಕುಸ್ತಿ ನೋಡಿ ಬರೆದಿದ್ದಾನೆ. ಹಲ್ಲು ಮುರಿದು, ಕಣ್ಣು ಹೋಗಿ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಭಾರ ಎತ್ತಿ, ತನ್ನ ಪೈಲ್ವಾನನೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದನಂತೆ. ಆ ಕುಸ್ತಿಯಲ್ಲಿ ಗೆದ್ದವರು ಯಾರೆಂದು ಕೇಳುವಷ್ಟು ದಡ್ಡರು ನಾವಲ್ಲ. ದೊರೆಯ ಅನ್ನ ಉಣ್ಣುವವನು ದೊರೆಯನ್ನು ಚಿತ್ ಮಾಡಿಯಾನೆ? ಅಮೆರಿಕದ ಕಂಪನಿ ಮೊದಲೇ ಮಾತಾಡಿಕೊಳ್ಳುವ ಕುಸ್ತಿ ಆಡಿಸುತ್ತದೆಂದು ನಗುತ್ತೇವಲ್ಲ, ಅದಕ್ಕಿಂತ ಹಳೆಯ ಬಯಲಾಟ ಇದು.

ಪಾಯಸ್‌ನ ನಂತರ ಬಂದ ನೂನಿಜ್ ಇನ್ನೊಂದು ಮಾತು ಬರೆದಿದ್ದಾನೆ. ದೊರೆಯ ಬಳಿ ಸಾವಿರ ಪೈಲ್ವಾನರಿದ್ದರು, ಕುಸ್ತಿ ಹಿಡಿಯುವ ಹೆಂಗಸರೂ ಇದ್ದರು ಎಂದು. ಒಂದೇ ಒಂದು ಮಾತು, ಅಷ್ಟೇ. ಅವರ ಹೆಸರಿಲ್ಲ, ಊರಿಲ್ಲ. ಯಾವ ಪಟ್ಟಿಯಲ್ಲೂ ಅವರಿಲ್ಲ. ಮುಂದೆ 2016ರಲ್ಲಿ ಸಾಕ್ಷಿ ಮಲಿಕ್ ಒಲಿಂಪಿಕ್ಸ್ ಕುಸ್ತಿಯಲ್ಲಿ ಪದಕ ತಂದ ನಮ್ಮ ದೇಶದ ಮೊದಲ ಹೆಣ್ಣುಮಗಳಾದಳು. ಅದೇ ಸಾಕ್ಷಿ 2023ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ದೆಹಲಿಯ ಬೀದಿಯಲ್ಲಿ ಕೂತಳು. ಪೊಲೀಸರು ಎಳೆದೊಯ್ದರು. ಆ ವರ್ಷದ ಕೊನೆಗೆ ತನ್ನ ಕುಸ್ತಿಯ ಬೂಟುಗಳನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ಐನೂರು ವರ್ಷದಲ್ಲಿ ಹೆಂಗಸಿಗೆ ಹೆಸರು ದಕ್ಕಿತು. ಕಣ ಇನ್ನೂ ದಕ್ಕಬೇಕಾಗಿದೆ.

ಬರೀ ನಮ್ಮ ದೇಶದ ಮಾತಲ್ಲ ಇದು. ಗಾಮಾ ಲಂಡನ್ನಿನಲ್ಲಿದ್ದ ಅದೇ 1910ರಲ್ಲಿ, ಜುಲೈ 4ರಂದು, ಅಮೆರಿಕದ ರೀನೋ ಪಟ್ಟಣದಲ್ಲಿ ಕರಿಯ ಬಾಕ್ಸರ್ ಜಾಕ್ ಜಾನ್ಸನ್ ಬಿಳಿಯ ಜೆಫ್ರೀಸ್‌ನನ್ನು ಬಡಿದು ಕೆಡವಿದ. ಈ ಜೆಫ್ರೀಸ್ ಚಾಂಪಿಯನ್ ಆಗಿದ್ದಾಗ ಕರಿಯರ ಎದುರು ಪಟ್ಟ ಪಣಕ್ಕಿಡುವುದಿಲ್ಲ ಎಂದವನು. ಸೋಲದೆಯೇ ನಿವೃತ್ತನಾಗಿದ್ದ, ಎಲ್ಲರೂ ಅವನನ್ನೇ ದೊಡ್ಡವನು ಎಂದರು. ಸೋಲಿಸಬಲ್ಲವನನ್ನು ಹತ್ತಿರ ಬಿಡದವನು ಸೋಲುವುದಾದರೂ ಹೇಗೆ? ಜಾನ್ಸನ್ ಗೆದ್ದ ರಾತ್ರಿ ಅಮೆರಿಕದ ಊರೂರಲ್ಲಿ ಕರಿಯರ ಮೇಲೆ ಹಲ್ಲೆಗಳಾದವು. ಕುಸ್ತಿಯ ಕಂಪನಿಗಳ ಕತೆಯೂ ಬೇರೆಯಲ್ಲ. ಅಲ್ಲಿನ ದೊಡ್ಡ ಕಂಪನಿಯೊಂದರ ವಿಶ್ವಪಟ್ಟ ರಾನ್ ಸಿಮನ್ಸ್ ಎಂಬ ಕರಿಯನ ಸೊಂಟಕ್ಕೆ ಬಂದದ್ದು 1992ರ ಆಗಸ್ಟಿನಲ್ಲಿ. ಅಲ್ಲಿಯ ಬಣ್ಣ, ಇಲ್ಲಿಯ ಜಾತಿ. ಪಟ್ಟಿ ಒಂದೇ.

ಈಗ ನಮ್ಮ ಕಡೆಯ ಕಣಕ್ಕೆ ಬರೋಣ. ಊರಿನ ಹೆಸರು ಬೇಡ. ಯಾವ ಊರೆಂದರೂ ಆದೀತು. ಜಾತ್ರೆ ಬಂತೆಂದರೆ ಕೆಮ್ಮಣ್ಣು ಅಗೆದು, ಹೊತ್ತು ತಂದು, ಜರಡಿ ಹಿಡಿದು ಕಣ ಮಾಡುವವರು ಕೇರಿಯವರು. ಸತ್ತ ದನದ ತೊಗಲು ಸುಲಿದು, ಹದ ಮಾಡಿ, ಹಲಗೆ ಬಿಗಿಯುವವರು ಕೇರಿಯವರು. ಆ ಹಲಗೆಯನ್ನು ಬೆಂಕಿಗೆ ಕಾಸಿ ಬಡಿಯುವವರೂ ಕೇರಿಯವರೇ. ಪೈಲ್ವಾನ ತೊಡೆ ತಟ್ಟಿದಾಗ ಒಂದು ಗತ್ತು, ಪಟ್ಟು ಹಾಕಿದಾಗ ಇನ್ನೊಂದು ಗತ್ತು, ಚಿತ್ ಆದಾಗ ಮತ್ತೊಂದು. ಯಾವ ಪಟ್ಟಿಗೆ ಯಾವ ಪೆಟ್ಟು ಎಂದು ಗೊತ್ತಿರುವ ಹಲಗೆಯವನಿಗೆ ಕುಸ್ತಿ ಗೊತ್ತಿಲ್ಲವೆ? ಉಸ್ತಾದನಿಗಿಂತ ಹೆಚ್ಚು ಕುಸ್ತಿ ಕಂಡ ಕಣ್ಣು ಅವನದು. ಆದರೆ ಗರಡಿಯೊಳಗೆ ಹನುಮಂತನ ಪಟ, ಹೊಸ್ತಿಲ ಹೊರಗೆ ಅವನು. ಕುಸ್ತಿ ಅಂದರೆ ಮೈಗೆ ಮೈ ತಾಗಬೇಕು. ಅದೇ ತೊಡಕು. ಅವನ ಮಣ್ಣು ಬೇಕು, ಅವನ ತೊಗಲು ಬೇಕು, ಅವನ ಸದ್ದು ಬೇಕು. ಮೈ ಮಾತ್ರ ಬೇಡ!

ಅದೇ ಹಲಗೆ ಅಜ್ಜ ತನ್ನ ಪ್ರಾಯದ ಮಾತೊಂದನ್ನು ಮೆಲ್ಲಗೆ ಹೇಳಿದ. ಒಂದು ಜಾತ್ರೆಯಲ್ಲಿ ಗೆದ್ದ ಪೈಲ್ವಾನ ಬೆಳ್ಳಿ ಕಡಗ ಎತ್ತಿ ಹಿಡಿದು, ಯಾರಿದ್ದೀರಿ ಬರ್ರಿ ಎಂದು ಕೂಗಿದನಂತೆ. ಇವನ ಜೊತೆಗಾರ, ದಿನಾ ಹಮಾಲಿ ಮಾಡಿ ಚೀಲ ಹೊರುತ್ತಿದ್ದವ, ಅಂಗಿ ಬಿಚ್ಚಿದನಂತೆ. "ಬರೇ ಅಂಗಿ ಬಿಚ್ಚಿದ್ದ ತಮ್ಮಾ, ಕಣದಾಗ ಕಾಲಿಟ್ಟಿದ್ದಿಲ್ಲ. ಜಾತ್ರಿ ನಿಂತುಬಿಡ್ತು. ರಾತ್ರಿ ಅವನ್ನ ಊರ ಬಿಡಿಸಿದ್ವಿ ನಾವ. ಇದ್ದಿದ್ರ ಕೊಲ್ಲತಿದ್ರು." ಆ ಕುಸ್ತಿ ಆಗಲಿಲ್ಲ. ಕಡಗ ಗೆದ್ದವನ ಹೆಸರನ್ನು ಊರು ಇವತ್ತಿಗೂ ಹೇಳುತ್ತದೆ. ಅಂಗಿ ಬಿಚ್ಚಿದವನು ಎಲ್ಲಿಗೆ ಹೋದನೋ.

ದೊರೆಗಳೆಲ್ಲ ಒಂದೇ ಎಂದೂ ನಾವು ಹೇಳುವುದಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದವರು, ಸ್ವತಃ ಕುಸ್ತಿ ಬಲ್ಲವರು. ಅದೇ ಮನುಷ್ಯ 1902ರಲ್ಲಿ ತನ್ನ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಅಸ್ಪೃಶ್ಯ ಗಂಗಾರಾಮ ಕಾಂಬಳೆಗೆ ಚಹಾದಂಗಡಿ ಹಾಕಿಸಿ, ಅಲ್ಲಿ ತಾವೇ ಹೋಗಿ ಚಹಾ ಕುಡಿದರು. 1920ರಲ್ಲಿ ಮಾಣಗಾವ್ ಪರಿಷತ್ತಿನಲ್ಲಿ ತರುಣ ಅಂಬೇಡ್ಕರರ ಪಕ್ಕ ನಿಂತು, ಇವರೇ ನಿಮ್ಮ ನಾಯಕ ಎಂದು ದಲಿತರಿಗೆ ಹೇಳಿದರು. ಅವರು ಕಟ್ಟಿದ ದೊಡ್ಡ ಕಣ ಯಾವುದು? ಖಾಸಬಾಗೋ, ಆ ಮೀಸಲಾತಿಯ ಹುಕುಮೋ? ನಮ್ಮಂಥವರು ಕಾಲೇಜಿನ ಮೆಟ್ಟಿಲು ಹತ್ತಿದ್ದು ಅಂಥ ಎರಡನೆಯ ಕಣದಿಂದ. ಅಲ್ಲಿಯೂ ಕೇಳುವವರಿದ್ದಾರೆ: ನಿನ್ನ ರ‍್ಯಾಂಕು ಎಷ್ಟು? ಮೆರಿಟ್ ಎಷ್ಟು? ಸಾವಿರ ವರ್ಷ ಹಾಲು ಕುಡಿದವನು ಅಂಬಲಿ ಕುಡಿದವನನ್ನು ತಕ್ಕಡಿಯಲ್ಲಿ ತೂಗಿ ಕೇಳುವ ಪ್ರಶ್ನೆ ಅದು.

ಹಾಗಾದರೆ ಪೈಲ್ವಾನರಿಗೆ ರ‍್ಯಾಂಕು ಕೊಡಲೇಬಾರದೆ? ಕೊಡೋಣ. ಗಾಮಾನ ಎರಡೂವರೆ ತಾಸಿನ ಕುಸ್ತಿ ನೆನೆದರೆ ನಮಗೂ ಮೈ ಜುಮ್ಮೆನ್ನುತ್ತದೆ. ಜಗಳವೂ ಆಡೋಣ, ಅದರಲ್ಲಿ ಸುಖವಿದೆ. ಆದರೆ ಅಳತೆಗೋಲು ಬದಲಾಗಲಿ. ಎಷ್ಟು ಜನರನ್ನು ಕೆಡವಿದ ಎಂಬುದರ ಜೊತೆಗೆ, ಯಾರು ಯಾರನ್ನು ಕಣಕ್ಕೆ ಬಿಟ್ಟಿದ್ದರು, ಯಾರನ್ನು ಹೊರಗಿಟ್ಟಿದ್ದರು ಎಂದೂ ಕೇಳಬೇಕು. ಎಲ್ಲರಿಗೂ ತೆರೆದಿರದ ಕಣದಲ್ಲಿ ಗೆದ್ದವನು ಆ ಕಣದಷ್ಟಕ್ಕೇ ದೊಡ್ಡವನು.

ಮೊನ್ನೆ ಚಹಾದಂಗಡಿಯ ಮುಂದೆ ನಾವು ಹತ್ತು ಹೆಸರಿನ ಪಟ್ಟಿ ಮಾಡಿದೆವು. ಗಾಮಾ ಇದ್ದಾನೆ. ದಾರಾಸಿಂಗ್ ಇದ್ದಾನೆ. ಸಾಕ್ಷಿ ಇದ್ದಾಳೆ. ಯಾರು ಮೇಲೆ ಯಾರು ಕೆಳಗೆ ಎಂದು ಜಗಳ ಮುಗಿದಿಲ್ಲ. ಆದರೆ ಒಂದನೇ ಸಾಲನ್ನು ಖಾಲಿ ಬಿಡಬೇಕೆಂಬ ಮಾತಿಗೆ ಎಲ್ಲರೂ ಒಪ್ಪಿದರು. ಅದು ಅಂಗಿ ಬಿಚ್ಚಿದವನ ಜಾಗ. ಅವನ ಮೊಮ್ಮಗನೋ ಮೊಮ್ಮಗಳೋ ಊರ ನಡುವಿನ ಕಣದಲ್ಲಿ ಹಗಲು ಹೊತ್ತಿನಲ್ಲಿ ತೊಡೆ ತಟ್ಟಿ ನಿಲ್ಲುವವರೆಗೆ, ಎದುರಾಳಿ ಹಿಂಜರಿಯದೆ ಕೈ ಕೊಡುವವರೆಗೆ, ಆ ಸಾಲು ಹಾಗೆಯೇ ಇರಲಿ.

ಆಮೇಲೆ ಗೆಲ್ಲಲಿ, ಸೋಲಲಿ. ಅವತ್ತು ಹಲಗೆ ಬಡಿಯಲು ನಾವು ಸಿದ್ಧ.