ಪಿಯುಸಿ ಹುಡುಗನ ಬೈಕು, ಅಪ್ಪನ ಮೇಲೆ ಕೇಸು: ಲೈಸೆನ್ಸ್ ಕಾನೂನು ನಿಜಕ್ಕೂ ಹೇಳೋದೇನು?

ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಅಂದ್ರೆ ಹೊರಗಿನವರಿಗೆ ನೆನಪಾಗೋದು ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಸ್ಥಾನ. ಅಲ್ಲೇ ಹುಟ್ಟಿ ಬೆಳೆದ ಹದಿನಾರರ ಹುಡುಗನ ತಲೆಯಲ್ಲಿರೋ ಲೆಕ್ಕ ಬೇರೆ. ಎಸ್ಸೆಸ್ಸೆಲ್ಸಿ ಮುಗೀತು, ಪಿಯುಸಿಗೆ ಪಟ್ಟಣಕ್ಕೆ ಹೋಗಬೇಕು, ಒಂದು ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ಹೋಯ್ತು. ಮನೆ ಮುಂದೆ ಅಪ್ಪನ ಬೈಕ್ ನಿಂತಿದೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಲ್ಲೂ ಇದೇ ಲೆಕ್ಕ.

ಈ ಹುಡುಗನಿಗೆ ಕಾನೂನು ಹೇಳೋದು ಇಷ್ಟೇ: ಹದಿನೆಂಟು ತುಂಬೋವರೆಗೆ ಮುಟ್ಟಬೇಡ, ಮುಟ್ಟಿದರೆ ನಿಮ್ಮಪ್ಪ ಕೋರ್ಟಿಗೆ ಬರಬೇಕು. ಕಾನೂನಿನ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ತಕರಾರು ಇರೋದು ಕಾನೂನಿನ ನಡುವೆ ಬಿದ್ದಿರೋ ಒಂದು ತೂತಿನ ಬಗ್ಗೆ.

1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಓದಿ. ವಾಹನ ಓಡಿಸೋಕೆ 18 ವರ್ಷ ಆಗಿರಬೇಕು. ಆದರೆ 50 ಸಿಸಿ ಮೀರದ ಮೋಟಾರ್ ಸೈಕಲ್ ಆದರೆ 16ಕ್ಕೇ ಲೈಸೆನ್ಸ್ ತಗೋಬಹುದು. ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಲೂನಾ, ಟಿವಿಎಸ್ 50ಯಂಥ ಗಾಡಿಗಳ ಕಾಲ. ಅವತ್ತಿಗೆ ಅದು ಅರ್ಥಪೂರ್ಣ ಮೆಟ್ಟಿಲು: ಮೊದಲು ನಿಧಾನದ ಗಾಡಿ, ಆಮೇಲೆ ಬೈಕು. ವೇಗ 40ರಿಂದ 60ಕ್ಕೆ ಏರಿದರೆ ಬ್ರೇಕ್ ಹಾಕಿದ ಮೇಲೆ ಗಾಡಿ ಓಡುವ ದೂರ ಎರಡೂಕಾಲು ಪಟ್ಟು ಆಗುತ್ತೆ. (ಇಂಜಿನಿಯರಿಂಗ್ ಓದಿದ ಚಟ, ಕ್ಷಮಿಸಿ.) ಹಾಗಾಗಿ ಕಲಿಯೋರಿಗೆ ಸಣ್ಣ ಇಂಜಿನ್ ಕೊಡೋದು ಬುದ್ಧಿವಂತಿಕೆಯೇ.

ಇವತ್ತು ಶೋರೂಮಿಗೆ ಹೋಗಿ 50 ಸಿಸಿ ಪೆಟ್ರೋಲ್ ಗಾಡಿ ಕೊಡಿ ಅನ್ನಿ, ಸೇಲ್ಸ್‌ನವರು ನಗ್ತಾರೆ. ಹಳ್ಳಿಯಲ್ಲಿ ಮೇವು, ಹಾಲಿನ ಕ್ಯಾನು ಹೊರೋ ಟಿವಿಎಸ್ ಎಕ್ಸ್‌ಎಲ್ ಕೂಡ ಈಗ ನೂರು ಸಿಸಿಗೆ ಕೂದಲೆಳೆ ಕಮ್ಮಿ. ಸ್ಪ್ಲೆಂಡರ್ 97 ಸಿಸಿ ದಾಟಿದೆ. ಅಂದ್ರೆ 16ಕ್ಕೆ ಸಿಗೋ ಲೈಸೆನ್ಸ್ ಕಾಗದದ ಮೇಲಿದೆ, ಅದಕ್ಕೆ ತಕ್ಕ ಗಾಡಿ ಮಾರುಕಟ್ಟೆಯಲ್ಲಿಲ್ಲ. ಪಿಯುಸಿಯ ಎರಡು ವರ್ಷ ಪೂರ್ತಿ ಈ ತೂತಿನೊಳಗೆ ಬೀಳುತ್ತೆ.

ಎಲೆಕ್ಟ್ರಿಕ್‌ಗೆ ಒಂದು ಸಂದಿ ಇದೆ. ಮೋಟಾರ್ ಶಕ್ತಿ 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಮ್ಮಿ ಇದ್ದು, ತೂಕದ ಮಿತಿಯೊಳಗಿದ್ದರೆ ಕೇಂದ್ರದ ನಿಯಮದಲ್ಲಿ ಅದು ಮೋಟಾರು ವಾಹನವೇ ಅಲ್ಲ, ಲೈಸೆನ್ಸ್ ಬೇಡ. ಆದರೆ ಅಂಗಡಿಯವನು "ಲಾಕ್ ತೆಗೆದುಕೊಡ್ತೀನಿ, 45ರಲ್ಲಿ ಓಡುತ್ತೆ" ಅಂದ್ರೆ ಹುಷಾರು. ಲಾಕ್ ತೆಗೆದ ಮೇಲೆ ಅದು ಲೈಸೆನ್ಸ್ ಬೇಕಾದ ಗಾಡಿ.

ಅಪ್ಪ ಯಾಕೆ ಕಟಕಟೆಯಲ್ಲಿ?

2019ರ ತಿದ್ದುಪಡಿಯಲ್ಲಿ 199ಎ ಅಂತ ಹೊಸ ಸೆಕ್ಷನ್ ಸೇರಿತು. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. "ನನಗೆ ಗೊತ್ತಿಲ್ಲದೆ ಕೀ ತಗೊಂಡು ಹೋದ" ಅಂತ ಹೇಳಿದರೆ ಸಾಲದು. ಕೊಟ್ಟೇ ಕಳಿಸಿದ್ದಾರೆ ಅಂತ ಕೋರ್ಟ್ ಭಾವಿಸುತ್ತೆ, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಪೋಷಕರದ್ದು. ಜಿಲ್ಲಾ ಪುಟಗಳಲ್ಲಿ "ಮಗನಿಗೆ ಬೈಕ್ ಕೊಟ್ಟ ತಂದೆಗೆ 25 ಸಾವಿರ ದಂಡ" ಅಂತ ಬರೋ ಸುದ್ದಿಗಳ ಹಿಂದಿರೋದು ಇದೇ ಸೆಕ್ಷನ್.

25 ಸಾವಿರ ಅಂದ್ರೆ ಎಷ್ಟು? 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಪೂರ್ತಿ ಸಿಕ್ಕರೂ ಹತ್ತು ಕ್ವಿಂಟಲ್ ದಾಟಿದ ಮೆಕ್ಕೆಜೋಳ. 2024ರ ಮೇ 19ರಂದು ಪುಣೆಯಲ್ಲಿ 17 ವರ್ಷದ ಹುಡುಗನಿದ್ದ ಪೋರ್ಷೆ ಕಾರು ಇಬ್ಬರು ಯುವ ಇಂಜಿನಿಯರುಗಳನ್ನು ಕೊಂದಾಗ, ಬಾಲನ್ಯಾಯ ಮಂಡಳಿ ಮೊದಲು ಜಾಮೀನಿಗೆ ಹಾಕಿದ ಷರತ್ತುಗಳಲ್ಲಿ 300 ಪದಗಳ ಪ್ರಬಂಧವೂ ಒಂದು. ಆಕ್ರೋಶ ಎದ್ದ ಮೇಲೆ ಆದೇಶ ಬದಲಾಯ್ತು. ಸೆಕ್ಷನ್ ಇಬ್ಬರಿಗೂ ಒಂದೇ, ಆದರೆ 25 ಸಾವಿರ ಪೋರ್ಷೆ ಮನೆಗೆ ಚಿಲ್ಲರೆ ಮಾತು, ಬಾಗಳಿಯ ಮನೆಗೆ ಬೆಳೆಯ ಮಾತು.

ಇದಕ್ಕಿಂತ ದೊಡ್ಡ ಪೆಟ್ಟು ಜನ ಗಮನಿಸದ ಉಪಸೆಕ್ಷನ್‌ನಲ್ಲಿದೆ: ಹಾಗೆ ಸಿಕ್ಕಿಬಿದ್ದ ಹುಡುಗನಿಗೆ 25 ವರ್ಷ ತುಂಬೋವರೆಗೆ ಎಲ್‌ಎಲ್ ಕೂಡ ಸಿಗೋ ಹಾಗಿಲ್ಲ. ಮಳೆ ಕೈಕೊಟ್ಟರೆ ಗುಳೆ ಹೋಗೋ ಸೀಮೆ ಇದು. ಬೆಂಗಳೂರಿಗೆ ಹೋದ ಹುಡುಗನಿಗೆ ಮೊದಲು ಸಿಗೋ ಕೆಲಸ ಡೆಲಿವರಿ, ಕ್ಯಾಬು, ಟೆಂಪೊ. ಎಲ್ಲದಕ್ಕೂ ಲೈಸೆನ್ಸೇ ಬಂಡವಾಳ. ಹದಿನಾರಕ್ಕೆ ಮಾಡಿದ ತಪ್ಪಿಗೆ ಒಂಬತ್ತು ವರ್ಷ ದುಡಿಮೆಯ ಬಾಗಿಲು ಮುಚ್ಚೋದು ಯಾವ ನ್ಯಾಯ?

ಅಪಘಾತವೂ ಆಗಿದ್ದರೆ ವಿಮೆಯದ್ದು ಇನ್ನೊಂದು ಹೊರೆ. ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ, ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟ್‌ಗಳು ಹೇಳೋದು ಸಾಮಾನ್ಯ. ಆ ಮೊತ್ತ ಲಕ್ಷಗಳಲ್ಲಿರುತ್ತೆ. ಹೊಲದಿಂದ ಟ್ರ್ಯಾಕ್ಟರ್ ರಸ್ತೆಗಿಳಿಸೋ ಹುಡುಗರಿಗೂ ಇದೇ ಅನ್ವಯ. "ಅದು ಬೇಸಾಯದ ಗಾಡಿ, ಲೈಸೆನ್ಸ್ ಬೇಡ" ಅನ್ನೋದು ಕಟ್ಟೆಮೇಲಿನ ಕಾನೂನು. ಟ್ರ್ಯಾಕ್ಟರಿಗೂ 18 ಆಗಿರಲೇಬೇಕು.

ಬೇರೆ ಕಡೆ ಈ ವಯಸ್ಸನ್ನು ಹೇಗೆ ನಿಭಾಯಿಸ್ತಾರೆ? ನ್ಯೂಜಿಲೆಂಡ್ 1987ರಲ್ಲೇ ಹಂತಹಂತದ ಲೈಸೆನ್ಸ್ ತಂತು. ಮೊದಲು ಕಲಿಕೆ, ಆಮೇಲೆ ನಿರ್ಬಂಧದ ಲೈಸೆನ್ಸ್. ಆ ನಡುವಿನ ಹಂತದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಬ್ಬರೇ ಓಡಿಸೋ ಹಾಗಿಲ್ಲ. ನಮ್ಮಲ್ಲೂ 16ಕ್ಕೆ ಒಂದು ಮೆಟ್ಟಿಲು ಬರೆದೇ ಇದೆ. ಅದನ್ನು ಇವತ್ತಿನ ಗಾಡಿಗಳಿಗೆ, ಅದರಲ್ಲೂ ವೇಗಮಿತಿ ಇರೋ ಎಲೆಕ್ಟ್ರಿಕ್ ಸ್ಕೂಟರ್‌ಗೆ ತಕ್ಕಂತೆ ತಿದ್ದಬೇಕು. ಜೊತೆಗೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ತಪ್ಪಿದೆ, ಆದರೆ ಉಚಿತ ಟಿಕೆಟ್ ಕೆಲಸಕ್ಕೆ ಬರೋದು ಕಾಲೇಜಿನ ಹೊತ್ತಿಗೆ ಬಸ್ ಬಂದರೆ. ಇನ್ನು ಅಣ್ಣನಿಗೆ ಬೈಕ್ ಕೀ ಕೊಡೋ ಮನೆ ತಂಗಿಗೆ ಹದಿನೆಂಟಾದ ಮೇಲೂ ಕೊಡಲ್ಲ, ಅದು ಬೇರೆಯೇ ಲೇಖನ.

ಹದಿನೆಂಟಾಯ್ತಾ? ಹೀಗೆ ಮಾಡಿ

ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಮೂಲಕ ಅರ್ಜಿ ಹಾಕಿದರೆ ಎಲ್‌ಎಲ್ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು. ಎಲ್‌ಎಲ್‌ಗೆ ಆರು ತಿಂಗಳ ಆಯಸ್ಸು, 30 ದಿನ ಆದ ಮೇಲೆ ಡ್ರೈವಿಂಗ್ ಟೆಸ್ಟ್. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಸೇರಿದ ತಾಲ್ಲೂಕು. ನಮ್ಮ ಆರ್‌ಟಿಒ ಯಾವುದು ಅನ್ನೋ ಗೊಂದಲ ಸಹಜ. 2019ರ ತಿದ್ದುಪಡಿ ಪ್ರಕಾರ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ಅರ್ಜಿ ಹಾಕಬಹುದು. ಹೊಸಪೇಟೆಗಿಂತ ದಾವಣಗೆರೆ ಹತ್ತಿರ ಅನ್ನಿಸಿದರೆ ಅದನ್ನೇ ಕೇಳಿ.

ಒಂದು ದ್ವಿಚಕ್ರ ವಾಹನಕ್ಕೆ ಕೇಂದ್ರ ನಿಯಮದ ಶುಲ್ಕ: ಎಲ್‌ಎಲ್ 150, ಅದರ ಪರೀಕ್ಷೆ 50, ಡ್ರೈವಿಂಗ್ ಟೆಸ್ಟ್ 300, ಲೈಸೆನ್ಸ್ 200. ಒಟ್ಟು 700 ರೂಪಾಯಿ. ಏಜೆಂಟ್ ಹೇಳೋ ರೇಟನ್ನು ಇದರ ಪಕ್ಕ ಇಟ್ಟು ನೋಡಿ. ಅರ್ಜಿಯಲ್ಲಿ ಗೇರ್ ಇರೋ ಬೈಕನ್ನೇ ಆರಿಸಿ, ಸ್ಕೂಟರಿಗೆ ಮಾತ್ರ ತಗೊಂಡರೆ ಸ್ಪ್ಲೆಂಡರ್ ಓಡಿಸೋಕೆ ಮತ್ತೆ ಟೆಸ್ಟ್ ಕೊಡಬೇಕು. ಎಲ್‌ಎಲ್ ಅವಧಿಯಲ್ಲಿ ಗಾಡಿಗೆ ಹಿಂದೆ ಮುಂದೆ ಕೆಂಪು 'ಎಲ್' ಇರಬೇಕು, ಹಿಂದಿನ ಸೀಟಲ್ಲಿ ಲೈಸೆನ್ಸ್ ಇರೋ ಕಲಿಸುವವರನ್ನು ಬಿಟ್ಟು ಬೇರೆಯವರು ಕೂರೋ ಹಾಗಿಲ್ಲ. ಗೆಳೆಯನಿಗೆ ಇನ್ನೊಂದು ತಿಂಗಳು ಬಸ್ಸಲ್ಲೇ ಬಾ ಅನ್ನಿ.