ದಾಖಲಾತಿ ಪುಸ್ತಕದಲ್ಲಿ ಸೋದರಮಾವ

ಶತಮಾನೋತ್ಸವದ ಸಿದ್ಧತೆಗಾಗಿ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದಾಗ ಒಂದು ಸಂಗತಿ ನನ್ನ ಗಮನವನ್ನು ಸೆಳೆಯಿತು. ಆರಂಭದ ದಶಕಗಳ ಪುಟಗಳಲ್ಲಿ ‘ರಕ್ಷಕರು’ ಎಂಬ ಅಂಕಣದಲ್ಲಿ ಅನೇಕ ಮಕ್ಕಳಿಗೆ ತಂದೆಯ ಹೆಸರಿಲ್ಲ, ಸೋದರಮಾವನ ಹೆಸರಿದೆ. ಆ ತಂದೆಯರು ಬದುಕಿರಲಿಲ್ಲವೆಂದಲ್ಲ. ಇಂದಿನ ಮಕ್ಕಳಿಗೆ ಒಗಟಾಗಿ ತೋರುವ ಈ ಬರಹ ಅವರ ಮುತ್ತಜ್ಜಿಯರಿಗೆ ತೀರ ಸಹಜವಾದುದು.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ಜಿಲ್ಲೆಯ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ಬಳಕೆಯಲ್ಲಿತ್ತು. ಗಂಡಸಿನ ಮಕ್ಕಳು ಅವನ ಹೆಂಡತಿಯ ಕುಟುಂಬಕ್ಕೆ ಸೇರಿದವರು. ಅವನ ಸ್ವಂತ ಕುಟುಂಬ ಬೆಳೆಯುವುದು ಅಕ್ಕತಂಗಿಯರ ಸಂತತಿಯಿಂದ. ಹೆಣ್ಣು ಹುಟ್ಟದ ಮನೆ ನಿಂತುಹೋಗುವುದೆಂಬ ಚಿಂತೆಯಿತ್ತು. ಒಳ್ಳೆಯ ಗಂಡಸು ಎಂದರೆ ಮೊದಲು ಒಳ್ಳೆಯ ಮಾವ. ‘ಹೆಣ್ಣು ಪರರ ಸೊತ್ತು’ ಎಂಬ ಮಾತಿಗೆ ಅಂಥ ಮನೆಯಲ್ಲಿ ಅರ್ಥವೇ ಇರಲಿಲ್ಲ.

ಇದನ್ನು ಹೆಣ್ಣಿನ ಆಳ್ವಿಕೆ ಎಂದು ಹೊಗಳುವವರಿದ್ದಾರೆ, ನಾನು ಒಪ್ಪಲಾರೆ. ಹಿರಿಯ ಹೆಂಗಸು ಯಜಮಾನ್ತಿಯಾಗಲು ಕಟ್ಟಿನಲ್ಲಿ ಅವಕಾಶವಿದ್ದರೂ ಗೇಣಿಯ ಲೆಕ್ಕ, ಕೋರ್ಟು ಕಚೇರಿಯ ವ್ಯವಹಾರ ಬಹುಮಟ್ಟಿಗೆ ಮಾವಂದಿರ ಕೈಯಲ್ಲಿಯೇ ಇದ್ದವು. ನಮ್ಮ ಪುಸ್ತಕವೇ ಇನ್ನೊಂದು ಸಾಕ್ಷಿ: ಆ ಪುಟಗಳಲ್ಲಿ ಹುಡುಗಿಯರ ಹೆಸರುಗಳನ್ನು ಬೆರಳಲ್ಲಿ ಎಣಿಸಬಹುದು. ಕುಟುಂಬದ ಬೇರು ಅವಳು, ಅಕ್ಷರ ಮಾತ್ರ ಅವಳ ಅಣ್ಣನಿಗೆ.

ಮುಂದೆ ಕಾನೂನುಗಳು ಬಂದವು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಕವರುಗಳಿಗೆ, ಅಂದರೆ ಹೆಣ್ಣಿನಿಂದ ಕವಲೊಡೆದ ಶಾಖೆಗಳಿಗೆ, ಪಾಲು ಕೇಳುವ ಹಕ್ಕನ್ನಿತ್ತಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೂಲಕ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೆ ಬರುವಂತಾಯಿತು. ಕೇರಳವು 1975ರಲ್ಲಿ ಮಾಡಿದ ಕಾಯ್ದೆ 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿತು. ತಂದೆ ಮಕ್ಕಳಿಗೆ ಹತ್ತಿರವಾದ. ಅದು ದೊಡ್ಡ ಲಾಭವೇ. ಆದರೆ ಮನೆಯ ಮೂಲವಾಗಿದ್ದ ಮಗಳು ಮನೆಬಿಟ್ಟು ಹೋಗುವವಳಾದಳು. ನಮ್ಮ ಅಂಕಣದಲ್ಲಿಯೂ ಮಾವಂದಿರು ಒಬ್ಬೊಬ್ಬರಾಗಿ ಮರೆಯಾಗಿ, ಕೊನೆಗೆ ತಂದೆಯ ಹೆಸರೊಂದೇ ಉಳಿಯಿತು.

ಕಳೆದ ಜೂನ್‌ನಲ್ಲಿ, ಎಂಬತ್ತರ ಸಮೀಪದ ಹಿರಿಯರೊಬ್ಬರು ಮೊಮ್ಮಗಳ ಪ್ರಮಾಣಪತ್ರಕ್ಕಾಗಿ ನನ್ನ ಕೊಠಡಿಗೆ ಬಂದಿದ್ದರು. ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾದ ಹುಡುಗಿ. “ಇನ್ನು ಓದಿಸುವುದಿಲ್ಲ ಟೀಚರೇ, ಬೇರೆ ಮನೆಗೆ ಹೋಗುವವಳು. ನಮ್ಮ ಸಂಪ್ರದಾಯ ಅದು” ಎಂದರು. ಅವರೂ ಈ ಶಾಲೆಯಲ್ಲೇ ಕಲಿತವರು. ಮೇಜಿನ ಮೇಲಿದ್ದ ಹಳೆಯ ಪುಸ್ತಕದಲ್ಲಿ ಅವರ ಪುಟವನ್ನು ಹುಡುಕಿ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ತಮ್ಮ ಸೋದರಮಾವನ ಹೆಸರನ್ನು ಬಹಳ ಹೊತ್ತು ನೋಡಿದರು. “ನಾನು ಹುಟ್ಟಿದ್ದು ಅಮ್ಮನ ಮನೆಯಲ್ಲಿ. ಬೆಳೆದದ್ದೂ ಅಲ್ಲೇ. ಅಮ್ಮ ಎಲ್ಲಿಗೂ ಹೋಗಿರಲಿಲ್ಲ” ಎಂದರು. ಬೇರೇನೂ ಹೇಳದೆ ಎದ್ದು ಹೋದರು.

ಮರುವಾರ ಹುಡುಗಿ ಪ್ಲಸ್ ವನ್ ಅರ್ಜಿ ಹಿಡಿದು ಬಂದಳು. ರಕ್ಷಕರ ಸಹಿ ಅವಳ ತಾಯಿಯದು.